ಶಕ್ತಿಮಾನ್ ಲಾರಿಯ ಬಿಳಿ ಬೊಟ್ಟು

ಬೈಲಹೊಂಗಲದವರಿಗೆ ಲಾರಿ ಎಂದರೆ ಹತ್ತಿ. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಗೆ ಹೊರಟ ಲಾರಿಗಳು ತಮ್ಮ ಮೈಗಿಂತ ದೊಡ್ಡ ಹೊಟ್ಟೆ ಹೊತ್ತುಕೊಂಡು ಬರುತ್ತವೆ. ಸವದತ್ತಿಯವರಿಗೆ ಲಾರಿ ಎಂದರೆ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಜನ ತುಂಬಿಕೊಂಡು ಹೋಗುವ ಗಾಡಿ. ಕಿತ್ತೂರಿನವರು ಇನ್ನೊಂದು ಬಗೆಯ ಲಾರಿಯನ್ನೂ ಬಲ್ಲರು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಪುಣೆ-ಬೆಂಗಳೂರು ಹೆದ್ದಾರಿ ಕಿತ್ತೂರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಹಸಿರು ಲಾರಿಗಳ ಸಾಲು ಬಂತೆಂದರೆ ಚಹದಂಗಡಿಯಲ್ಲಿ ಕುಳಿತವರು ಮಾತು ಬಿಟ್ಟು ಎಣಿಸತೊಡಗುತ್ತಾರೆ.

ನಾವು ಅಣ್ಣತಮ್ಮಂದಿರಿಬ್ಬರು ಬೈಲಹೊಂಗಲದಲ್ಲಿ ಗ್ಯಾರೇಜ್ ನಡೆಸುವವರು. ದಿನಕ್ಕೆ ನಾಲ್ಕಾರು ಲಾರಿಗಳ ಹೊಟ್ಟೆಯಡಿ ಮಲಗಿ ಏಳುತ್ತೇವೆ. ಆದರೆ ನಮ್ಮ ಮನೆಯಲ್ಲಿ ಲಾರಿ ಎಂಬ ಮಾತಿಗೆ ಅರ್ಥ ಒಂದೇ, ಶಕ್ತಿಮಾನ್. ಅಬ್ಬಾ 1967ರಲ್ಲಿ ಸೇನೆ ಸೇರಿದವರು. ಆರ್ಮಿ ಸರ್ವಿಸ್ ಕೋರ್‌ನಲ್ಲಿ ಹದಿನೇಳು ವರ್ಷ ಚಾಲಕರಾಗಿದ್ದು ಊರಿಗೆ ಮರಳಿದರು. ನಮ್ಮ ಮಕ್ಕಳಿಗೆ ಆ ಹೆಸರು ಗಿರಗಿರನೆ ತಿರುಗಿ ಹಾರುವ ಟಿ.ವಿ. ನಾಯಕನದು. ಅಜ್ಜ ಹದಿನೇಳು ವರ್ಷ ಶಕ್ತಿಮಾನ್ ಓಡಿಸಿದರು ಎಂದರೆ ಅವರಿಗೆ ನಗು ತಡೆಯುವುದಿಲ್ಲ.

ಜರ್ಮನಿಯ ಮಾನ್ ಕಂಪೆನಿಯಿಂದ ಪರವಾನಗಿ ಪಡೆದು 1959ರಿಂದ ಜಬಲ್ಪುರದಲ್ಲಿ ತಯಾರಾದ ಲಾರಿ ಅದು. ಉದ್ದ ಮೂತಿ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ. 1990ರ ದಶಕದಲ್ಲಿ ಅದರ ತಯಾರಿಕೆ ನಿಂತು, ಮೂತಿಯಿಲ್ಲದ ಸ್ಟಾಲಿಯನ್ ಲಾರಿಗಳು ಅದರ ಜಾಗಕ್ಕೆ ಬಂದವು. ಈಗ ಹೆದ್ದಾರಿಯಲ್ಲಿ ಕಾಣುವ ಸಾಲಿನಲ್ಲಿ ಶಕ್ತಿಮಾನ್ ಇಲ್ಲ.

ಅಬ್ಬಾರಿಗೆ ಗ್ಲಾಕೋಮಾ. ಬದಿಯ ನೋಟವೆಲ್ಲ ಹೋಗಿ, ಕೊಳವೆಯೊಳಗಿಂದ ನೋಡಿದಂತೆ ನೇರ ಎದುರಿನದಷ್ಟೇ ಕಾಣುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಬೇಕು ಎಂದಿದ್ದಾರೆ ವೈದ್ಯರು. ಗ್ಯಾರೇಜಿಗೆ ಬಂದು ಕೂರುವುದನ್ನು ನಿಲ್ಲಿಸಿದ ಮೇಲೆ ಅವರ ಮಾತೂ ಕಡಿಮೆಯಾಗುತ್ತ ಬಂದಿತ್ತು. ಅದನ್ನು ನೋಡಿಯೇ ರಾಮದುರ್ಗದ ತಂಗಿಯ ಮಗ ಬೆಂಗಳೂರಿನಿಂದ ಬರುವಾಗ ಒಂದು ಪೆಟ್ಟಿಗೆ ತಂದ. ಜಪಾನಿನ ತಾಮಿಯಾ ಕಂಪೆನಿಯ ಕಿಟ್. ಎರಡನೇ ಮಹಾಯುದ್ಧ ಕಾಲದ ಅಮೆರಿಕದ ಜಿ.ಎಂ.ಸಿ. ಲಾರಿ. ಆ ಕಾಲದಲ್ಲಿ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ.

ಪೆಟ್ಟಿಗೆಯೊಳಗೆ ಲಾರಿ ಇರಲಿಲ್ಲ. ಹುಣಸೆ ಟೊಂಗೆಗೆ ಕಾಯಿ ಜೋತುಬಿದ್ದಂತೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ತುಂಡುಗಳಿದ್ದವು. ಒಂದೊಂದನ್ನೂ ಕತ್ತರಿಸಿ, ಅರದಿಂದ ಉಜ್ಜಿ, ಜೋಡಿಸಬೇಕು. ಅಳತೆ 1:35. ಅಂದರೆ ಮೂವತ್ತೈದು ಸೆಂಟಿಮೀಟರಿಗೆ ಒಂದು. ಈ ಮೂವತ್ತೈದು ಎಲ್ಲಿಂದ ಬಂತು ಎಂಬ ಕಥೆ ನಮಗೆ ಬಹಳ ಹಿಡಿಸಿತು. 1960ರ ದಶಕದ ಆರಂಭದಲ್ಲಿ ತಾಮಿಯಾದವರು ಓಡುವ ಆಟಿಕೆ ಟ್ಯಾಂಕ್ ಒಂದನ್ನು ಮಾಡಿದರು. ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿ, ಆಮೇಲೆ ಲೆಕ್ಕ ಹಾಕಿ ನೋಡಿದರೆ ಅದು ಮೂಲದ ಮೂವತ್ತೈದನೇ ಒಂದು ಪಾಲು! ಆ ಲೆಕ್ಕವೇ ಜಗತ್ತಿಗೆಲ್ಲ ಹರಡಿತು. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪೆನಿಯ ಮೊದಲ ಮಾದರಿಯಂತೂ ಯುದ್ಧದ್ದೇ ಅಲ್ಲ. 1949ರಲ್ಲಿ ಮಾಡಿದ ಫರ್ಗ್ಯೂಸನ್ ಟ್ರಾಕ್ಟರ್ ಅದು, ನಮ್ಮ ಹೊಲಗಳ ಮ್ಯಾಸಿ ಫರ್ಗ್ಯೂಸನ್ನಿನ ಪೂರ್ವಜ.

ಗ್ಯಾರೇಜಿನವರಿಗೆ ಇದೇನು ಮಹಾ ಎಂದು ಓದುಗರು ಕೇಳಬಹುದು. ಅರ್ಧ ನಿಜ. ಇದರ ಅಂಟು ನಿಜಕ್ಕೂ ಅಂಟಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ತುಂಡುಗಳನ್ನು ಒಂದು ಮಾಡುತ್ತದೆ. ಅದು ನಮಗೆ ಗೊತ್ತಿರುವ ವೆಲ್ಡಿಂಗ್. ಆದರೆ ಸ್ಪ್ಯಾನರ್ ಹಿಡಿದ ಬೆರಳಿಗೆ ಅಕ್ಕಿಕಾಳಿನಷ್ಟು ಕನ್ನಡಿ ಸಿಗಬೇಕಲ್ಲ! ಗಡಿಯಾರ ರಿಪೇರಿಯವರಿಂದ ಚಿಮಟ ತಂದೆವು. ಬಣ್ಣದ ಕಷ್ಟ ಬೇರೆ. ತೆಳುವಾಗಿ ನಾಲ್ಕೈದು ಸಲ ಬಳಿಯಬೇಕು, ಪ್ರತಿ ಸಲವೂ ಒಣಗಲು ಬಿಡಬೇಕು. ಹತ್ತಿಯ ಊರಿನಲ್ಲಿ ಹಸಿ ಬಣ್ಣವನ್ನು ಬಿಟ್ಟು ಎದ್ದರೆ ಮುಗಿಯಿತು, ಅದರ ಮೇಲೆ ಅರಳೆಯ ಎಳೆ ಕೂತಿರುತ್ತದೆ. ಕೊನೆಗೆ ಬಿರಿಯಾನಿ ಹಂಡೆಯೇ ನಮಗೆ ಮುಚ್ಚಳವಾಯಿತು.

ತಿಂಗಳೊಪ್ಪತ್ತು ಆದಮೇಲೆ ಲಾರಿಯನ್ನು ಅಬ್ಬಾರ ಕೈಗಿಟ್ಟೆವು. ಅವರು ನೋಡಲಿಲ್ಲ, ಮುಟ್ಟಿದರು. ಮೂತಿ, ಬಾಗಿಲು, ಹಿಂದಿನ ಹಲಗೆ. ಬೆರಳು ಹಿಂದಿನ ಚಕ್ರಗಳಿಗೆ ಬಂದು ನಿಂತಿತು. "ಒಂದು ಆಕ್ಸೆಲ್ ಹೆಚ್ಚೈತಿ. ಇದು ನಮ್ಮ ಗಾಡಿ ಅಲ್ಲ" ಎಂದರು. ಮರಳಿ ಕೊಡುತ್ತ ಇನ್ನೊಂದು ಮಾತು ಸೇರಿಸಿದರು: "ಇಷ್ಟು ಚೊಕ್ಕ ಗಾಡಿ ನಾ ಎಂದೂ ನಡಸಿಲ್ಲಪ್ಪಾ."

ಹಾಗಾಗಿ ಶಕ್ತಿಮಾನನ್ನು ನಾವೇ ಮಾಡಬೇಕಾಯಿತು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ. ಅಳತೆಗೆ ಗಾಡಿ ಬೇಕಲ್ಲ? ಸೇನೆ ಕೈಬಿಟ್ಟ ಲಾರಿಗಳು ಹರಾಜಿನಲ್ಲಿ ಬಿಕರಿಯಾಗಿ ಕಟ್ಟಿಗೆ, ಕಬ್ಬು ಹೊತ್ತು ಮುದಿಯಾಗುತ್ತವೆ. ಅಂಥದೊಂದು ಸವದತ್ತಿ ರಸ್ತೆಯ ಗುಜರಿಯಲ್ಲಿ, ಜಾಲಿಗಿಡದ ಕೆಳಗೆ, ಎಂಜಿನ್ ಇಲ್ಲದೆ ನಿಂತಿತ್ತು. ಟೇಪು ಹಿಡಿದು ಎರಡು ಭಾನುವಾರ ಅಳೆದೆವು. ಸುಮಾರು ಒಂದು ಮೀಟರ್ ಎತ್ತರದ ಟೈರು ನಮ್ಮ ಲೆಕ್ಕದಲ್ಲಿ 29 ಮಿಲಿಮೀಟರ್. ಆ ಲಾರಿಯ ಮೈಗೆ ಕಿತ್ತಳೆ ಬಣ್ಣವಿತ್ತು. ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರಾವುದಕ್ಕೂ ಆಲಿವ್ ಹಸಿರು ಬಳಿಯಕೂಡದು ಎಂದು 1989ರ ಮೋಟಾರು ವಾಹನ ನಿಯಮಗಳಲ್ಲಿದೆ. ಹಾಗಾಗಿ ಕೈಬದಲಾಯಿಸಿದ ದಿನವೇ ಗಾಡಿ ಬಣ್ಣ ಬದಲಾಯಿಸಬೇಕು. ಬಾಗಿಲ ಮೂಲೆಯಲ್ಲಿ ಬ್ಲೇಡಿನಿಂದ ಕೆರೆದೆವು. ಕಿತ್ತಳೆ ಹೋಯಿತು, ನೀಲಿ ಬಂತು, ಅದರಡಿಯಲ್ಲಿ ಹಸಿರು. ಆ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ಬಣ್ಣ ಕಲಸಿದೆವು. ಅಷ್ಟೇ ಗಾಢವಾಗಿ ಬಳಿದರೆ ಪುಟ್ಟ ಲಾರಿ ಕಪ್ಪಾಗಿ ಕಾಣುತ್ತದೆ. ದೂರದಲ್ಲಿ ನಿಂತ ಗಾಡಿ ಮಸುಕಾಗಿ ಕಾಣುವುದಿಲ್ಲವೇ, ಆ ಮಸುಕು ಬರಲು ತುಸು ಬಿಳಿ ಬೆರೆಸಬೇಕು.

ಹಿಂಬದಿಯ ಮುಚ್ಚಿಗೆಗೆ ತಂಗಿ ರಾಮದುರ್ಗದಿಂದ ಕೈಮಗ್ಗದ ತೆಳು ಬಟ್ಟೆ ಕಳಿಸಿದಳು. ಗಂಜಿಯಲ್ಲಿ ಅದ್ದಿ ತಂತಿಯ ಕಮಾನುಗಳ ಮೇಲೆ ಹೊದಿಸಿದರೆ ಥೇಟ್ ತಾಡಪಾಲು. ನಂಬರು ಬರೆದದ್ದು ಕಿತ್ತೂರಿನ ಪೇಂಟರ್ ಒಬ್ಬರು. ಒಂದು ಕಾಲಕ್ಕೆ ಈ ಭಾಗದ ಅರ್ಧ ಲಾರಿಗಳ ಬೆನ್ನಿಗೆ ಅವರದೇ ಅಕ್ಷರ. ಫ್ಲೆಕ್ಸ್ ಬಂದಮೇಲೆ ಕುಂಚ ಮೂಲೆಗಿಟ್ಟಿದ್ದರು. ಸೇನೆಯ ನಂಬರು ಮೇಲ್ಮುಖ ಬಾಣದಿಂದ ಶುರುವಾಗುತ್ತದೆ. ಆ ಬಾಣವನ್ನು ಅವರು ಉಸಿರು ಬಿಗಿಹಿಡಿದು ಬರೆದರು. ದುಡ್ಡು ಕೊಡಹೋದರೆ ಬೈದರು. ನಂಬರನ್ನು ಹೇಳಿದವರು ಅಬ್ಬಾ. ಮಧ್ಯಾಹ್ನ ಊಟ ಮಾಡಿದ್ದು ಮರೆಯುವವರು ಅದನ್ನು ಒಂದೇ ಉಸಿರಿಗೆ ಹೇಳಿದರು.

ಅಮ್ಮಿಗೆ ಇದೆಲ್ಲ ಇಷ್ಟವಿರಲಿಲ್ಲ. ಮಕ್ಕಳಿರುವ ಮನೆಯಲ್ಲಿ ಯುದ್ಧದ ಸಾಮಾನು ಯಾಕೆ ಎಂಬುದು ಅವರ ತಕರಾರು. ಅಬ್ಬಾ ನಕ್ಕರು: "ನನ್ನ ಗಾಡಿಯಾಗ ಏನಿತ್ತು ಗೊತ್ತೇನ? ಬಟಾಟಿ, ಉಳ್ಳಾಗಡ್ಡಿ, ಹಿಟ್ಟು, ಸೀಮೆಎಣ್ಣೆ." ಟಿ.ವಿ.ಯ ಚರ್ಚೆಗಳಲ್ಲಿ ಗಡಿ ಎಂದರೆ ಟ್ಯಾಂಕು, ಕ್ಷಿಪಣಿ. ಉಳ್ಳಾಗಡ್ಡಿ ಮುಟ್ಟಿಸುವವರ ಸುದ್ದಿ ಅಲ್ಲಿ ಬರುವುದೇ ಇಲ್ಲ. ಅಮ್ಮಿ ಏನೂ ಅನ್ನಲಿಲ್ಲ. ಮರುದಿನ ಹಳೆಯ ಗೋಣಿಯಿಂದ ಬೆರಳುದ್ದದ ಚೀಲಗಳನ್ನು ಹೊಲಿದು ಮೇಜಿನ ಮೇಲಿಟ್ಟಿದ್ದರು.

ಇನ್ನು ಧೂಳು. ಬೈಲಹೊಂಗಲದ ಎರೆಮಣ್ಣನ್ನು ಜರಡಿ ಹಿಡಿದು ಉದುರಿಸಿದೆವು. "ಇದು ನಮ್ಮ ಹೊಲದ್ದು, ಅಲ್ಲೀದಲ್ಲ" ಎಂದರು. ಕಿತ್ತೂರಿನ ಕೆಮ್ಮಣ್ಣೂ ಆಗಲಿಲ್ಲ. ನವಿಲುತೀರ್ಥದ ಕಡೆಯ ಮರಳುಗಲ್ಲನ್ನು ಕುಟ್ಟಿ ಪುಡಿ ಮಾಡಿ ತಂದಾಗ ಕಣ್ಣ ಹತ್ತಿರ ಹಿಡಿದು, "ಹತ್ರ ಬಂತು" ಎಂದರು. ಎಲ್ಲಿಯ ಮಣ್ಣಿಗೆ ಹತ್ತಿರ ಎಂದು ಕೇಳಿದೆವು. ಅಖ್ನೂರ್ ಎಂದರು.

ಎಲ್ಲ ಮುಗಿಯಿತೆಂದು ಕೈಗೆ ಕೊಟ್ಟಾಗ ಅಬ್ಬಾ ಲಾರಿಯನ್ನು ಬೋರಲು ಹಾಕಿದರು. ಹಿಂದಿನ ಆಕ್ಸೆಲ್ ನಡುವಿನ ಗುಂಡನೆಯ ಹೌಸಿಂಗ್ ಮೇಲೆ ಉಗುರಿಟ್ಟು, "ಇಲ್ಲಿ ಬಿಳಿ ಎಲ್ಲಿ?" ಎಂದರು. ಗುಜರಿಯ ಲಾರಿಯಲ್ಲಿ ಆ ಜಾಗಕ್ಕೆ ಎಣ್ಣೆ, ಮಣ್ಣು ಗಟ್ಟಿಯಾಗಿ ಮೆತ್ತಿತ್ತು. ದೀಪ ಆರಿಸಿ ಸಾಗುವಾಗ ಹಿಂದಿನ ಚಾಲಕನಿಗೆ ಮುಂದಿನ ಗಾಡಿ ಎಲ್ಲಿದೆ ಎಂದು ತಿಳಿಯುವುದು ಅದರಿಂದ. ಹೌಸಿಂಗ್‌ಗೆ ಬಿಳಿ ಬಳಿದು, ಅದರ ಮೇಲಷ್ಟೇ ಬೆಳಕು ಬೀಳುವಂತೆ ಪುಟ್ಟ ದೀಪ ಇಟ್ಟಿರುತ್ತಾರೆ. ಆಕಾಶದಿಂದ ಕಾಣದು, ಹಿಂದೆ ಬರುವವನಿಗಷ್ಟೇ ಕಾಣುತ್ತದೆ.

1971ರ ಡಿಸೆಂಬರಿನ ಯುದ್ಧದಲ್ಲಿ ಜಮ್ಮುವಿನಿಂದ ಅಖ್ನೂರಿನತ್ತ ರಾತ್ರಿ ಹೀಗೆಯೇ ಸಾಗುತ್ತಿದ್ದರಂತೆ. ರಸ್ತೆ ಕಾಣದು, ಮರ ಕಾಣದು, ಬಿಳಿ ಬೊಟ್ಟು ಒಂದೇ. ಒಂದು ರಾತ್ರಿ ಆ ಬೊಟ್ಟು ಕುಲುಕಾಡಿತು, ಮಾಯವಾಯಿತು. ಅಬ್ಬಾ ಬ್ರೇಕ್ ಒತ್ತಿದರು. ಅವರ ಬೊಟ್ಟು ನಿಂತದ್ದು ಕಂಡು ಹಿಂದಿನವರು ನಿಂತರು, ಅವರ ಹಿಂದಿನವರೂ. ಇಳಿದು ಕೈಯಾಡಿಸುತ್ತ ಹೋದರೆ ರಸ್ತೆಯ ಅಂಚು ಕುಸಿದಿತ್ತು, ಕೆಳಗೆ ಹಳ್ಳದಲ್ಲಿ ಎಂಜಿನ್ ಇನ್ನೂ ಗುಡುಗುಡು ಎನ್ನುತ್ತಿತ್ತು. ಮುಂದಿನ ಗಾಡಿಯ ಚಾಲಕ ಸೇಲಂ ಕಡೆಯ ಹುಡುಗ. ಸಂಜೆ ಇವರ ತಟ್ಟೆಯಿಂದಲೇ ರೊಟ್ಟಿ ಮುರಿದುಕೊಂಡಿದ್ದ. ನಮ್ಮ ಇಷ್ಟು ವಯಸ್ಸಿನಲ್ಲಿ ಇದನ್ನು ನಾವು ಕೇಳಿದ್ದು ಇದೇ ಮೊದಲು. ಆತನಿಗೆ ಏನಾಯಿತು ಎಂದು ಅಬ್ಬಾ ಹೇಳಲಿಲ್ಲ, ನಾವು ಕೇಳಲಿಲ್ಲ.

ಬಿಳಿ ಬೊಟ್ಟನ್ನು ಅವರೇ ಇಟ್ಟರು. ಕುಂಚ ಬೇಡವೆಂದು ಬೆಂಕಿಕಡ್ಡಿಯ ತುದಿಯನ್ನು ಬಣ್ಣದಲ್ಲಿ ಅದ್ದಿ, ನಮ್ಮ ಕೈ ಹಿಡಿದು ಜಾಗ ಸರಿಮಾಡಿಕೊಂಡು ಒತ್ತಿದರು. ಲಾರಿಯನ್ನು ಮೇಜಿನ ಅಂಚಿನಲ್ಲಿ ನಿಲ್ಲಿಸಿ, ತಲೆ ತಗ್ಗಿಸಿ ಅದರ ಹಿಂದೆ ನೇರಕ್ಕೆ ಕಣ್ಣಿಟ್ಟು ಬಹಳ ಹೊತ್ತು ಕುಳಿತರು.

ಆಮೇಲೆ, "ಒಂದ ಗಾಡಿಗೆ ಕಾನ್ವಾಯ್ ಅಂತಾರೇನ?" ಎಂದರು. ಎರಡನೆಯದರ ಚಾಸಿಸ್‌ಗೆ ಹಾಳೆ ಕತ್ತರಿಸಿಟ್ಟಿದ್ದೇವೆ. ಅದರ ನಂಬರನ್ನೂ ಅವರೇ ಹೇಳಿದ್ದಾರೆ, ಅದು ಅವರ ಗಾಡಿಯದಲ್ಲ. ಕಿತ್ತೂರಿನ ಪೇಂಟರ್ ಬರುವ ಶುಕ್ರವಾರ ಬರುತ್ತೇನೆಂದಿದ್ದಾರೆ.