ಗೋಡೆಯ ಹೊರಗಿನ ಪೆಟ್ಟಿಗೆ

ಕರಾವಳಿಯ ಸೆಖೆಯ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಮಾರ್ಚ್ ಬಂತೆಂದರೆ ಫ್ಯಾನಿನ ಗಾಳಿಯೂ ಬಿಸಿ, ಒಗೆದು ತೊಟ್ಟ ಅಂಗಿ ಅರ್ಧ ಗಂಟೆಯಲ್ಲಿ ಬೆನ್ನಿಗೆ ಅಂಟುತ್ತದೆ. ಒಂದು ಕಾಲದಲ್ಲಿ ಎಸಿ ಎಂದರೆ ಗಲ್ಫಿನಿಂದ ಬಂದವರ ಮನೆಯ ಮಾತಾಗಿತ್ತು. ಈಗ ಉಳ್ಳಾಲದಿಂದ ಸುರತ್ಕಲ್‌ವರೆಗೆ ಯಾವ ಓಣಿಗೆ ಹೋದರೂ ಗೋಡೆಗೆ ತೂಗುಹಾಕಿದ ಬಿಳಿ ಪೆಟ್ಟಿಗೆಗಳು ಕಾಣುತ್ತವೆ. ಮಗಳ ಮದುವೆ ನಿಶ್ಚಯವಾದರೆ ಸಾಕು, ಹೊಸ ಅಳಿಯನಿಗೆಂದು ಒಂದು ಕೋಣೆಗೆ ಎಸಿ ಬಂದೇ ಬರುತ್ತದೆ. ಸಾಲ ಮಾಡಿಯಾದರೂ! (ಆ ಪದ್ಧತಿಯ ಬಗ್ಗೆ ನನಗಿರುವ ಅಸಮಾಧಾನವನ್ನು ಇನ್ನೊಮ್ಮೆ ಬರೆಯುತ್ತೇನೆ.)

ಅಂಗಡಿಗೆ ಹೋದವರು ಎಷ್ಟು ಟನ್, ಎಷ್ಟು ಸ್ಟಾರ್, ಯಾವ ಕಂಪನಿ ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಬೆಲೆಯಲ್ಲಿ ಗಂಟೆಗಟ್ಟಲೆ ಚೌಕಾಶಿ ನಡೆಯುತ್ತದೆ. ಆದರೆ ಹೊರಗಿನ ಪೆಟ್ಟಿಗೆಯನ್ನು ಎಲ್ಲಿ ಇಡುವುದು, ನಾಳೆ ಅದು ಕೆಟ್ಟರೆ ರಿಪೇರಿಗೆ ಬರುವವನು ಎಲ್ಲಿ ಕಾಲಿಟ್ಟು ನಿಲ್ಲುವುದು ಎಂದು ಕೇಳುವವರು ಬಹಳ ಕಡಿಮೆ. ನನ್ನ ಲೇಖನದ ವಿಷಯ ಇದೇ.

ನನ್ನ ಅಕ್ಕನ ಮಗ ಎಸಿ ಮೆಕ್ಯಾನಿಕ್. ಎರಡು ವರ್ಷದ ಐಟಿಐ ಮುಗಿಸಿ, ಏಳು ವರ್ಷ ದಮ್ಮಾಮಿನಲ್ಲಿ ದುಡಿದು, 2019ರಲ್ಲಿ ಊರಿಗೆ ಮರಳಿದವನು. ನಾನು ಮದ್ರಸದಲ್ಲಿ ಕಲಿತು ಬಳಿಕ ಬಿ.ಎ. ಮಾಡಿದವನು, ಸ್ಕ್ರೂಡ್ರೈವರ್ ಹಿಡಿದು ಪಳಗಿದ ಕೈ ನನ್ನದಲ್ಲ. ಆದರೂ ರಜೆಯ ದಿನಗಳಲ್ಲಿ ಅವನ ಬೈಕಿನ ಹಿಂದೆ ಕುಳಿತು ಹೋಗಿ, ಏಣಿ ಹಿಡಿದು ನಿಲ್ಲುವ ಕೆಲಸ ಎಷ್ಟೋ ಸಲ ಮಾಡಿದ್ದೇನೆ. ಕೆಳಗೆ ನಿಂತು ಮೇಲೆ ನೋಡುವವನಿಗೆ ಕೆಲವು ವಿಷಯಗಳು ಚೆನ್ನಾಗಿ ಅರ್ಥವಾಗುತ್ತವೆ.

ಎಸಿ ತಂಪನ್ನು ಉತ್ಪಾದಿಸುತ್ತದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಕೋಣೆಯ ಬಿಸಿಯನ್ನು ಹೊತ್ತುಕೊಂಡು ಹೋಗಿ ಹೊರಗೆ ಚೆಲ್ಲುತ್ತದೆ. ಒಳಗಿನ ಪೆಟ್ಟಿಗೆಯ ಕೊಳವೆಗಳಲ್ಲಿ ಗ್ಯಾಸ್ ಬಿಸಿಯನ್ನು ಹೀರಿಕೊಳ್ಳುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ. ಅಲ್ಲಿನ ಫ್ಯಾನ್ ಆ ಬಿಸಿಯನ್ನು ಗಾಳಿಗೆ ದಾಟಿಸುತ್ತದೆ. ಗ್ಯಾಸ್ ದ್ರವವಾಗಿ ಮತ್ತೆ ಒಳಗೆ ಬರುತ್ತದೆ. ಅಂದರೆ ಹೆಚ್ಚಿನ ದುಡಿಮೆಯೆಲ್ಲ ಹೊರಗಿನ ಪೆಟ್ಟಿಗೆಯದ್ದೇ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ತರುಣ ಇಂಜಿನಿಯರ್ ಇಂದಿನ ಎಸಿಯ ಮೂಲರೂಪವನ್ನು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ಕಾಗದಕ್ಕಾಗಿ. ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲವಂತೆ!

ಇನ್ನು ಗೋಡೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನ ಮನೆಗಳು ಕೆಂಪು ಕಲ್ಲಿನವು. ಒಂದೂವರೆ ಟನ್ನಿನ ಎಸಿಯ ಹೊರಗಿನ ಪೆಟ್ಟಿಗೆ ಮೂವತ್ತು ಕಿಲೋದ ಆಸುಪಾಸು ತೂಗುತ್ತದೆ. ಸಾಲದ್ದಕ್ಕೆ ದಿನವಿಡೀ ನಡುಗುತ್ತದೆ. ಕೆಂಪು ಕಲ್ಲು ಮೆದು, ತೂತು ತೂತು. ಕಾಂಕ್ರೀಟಿಗೆ ಹೊಡೆಯುವ ಬೋಲ್ಟನ್ನೇ ಅದಕ್ಕೂ ಹೊಡೆದರೆ ಮೊದಲ ಮಳೆಗಾಲಕ್ಕೇ ಸಡಿಲವಾಗಬಹುದು. ಕಾಂಕ್ರೀಟ್ ಬೀಮ್ ಸಿಕ್ಕಿದಲ್ಲಿ ಸ್ಟ್ಯಾಂಡನ್ನು ಅದಕ್ಕೇ ಕೂರಿಸಬೇಕು. ಇಲ್ಲವಾದರೆ ಗೋಡೆಯ ಈಚೆಯಿಂದ ಆಚೆಗೆ ಬೋಲ್ಟ್ ತೂರಿಸಿ, ಒಳಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಒಳಗಿನ ಗೋಡೆಯಲ್ಲಿ ನಟ್ ಕಾಣುತ್ತದೆ, ಚೆಂದವಿಲ್ಲ ಎಂದು ಮನೆಯವರು ಬೇಡವೆನ್ನುತ್ತಾರೆ. ಅಳಿಯ ಆಗ ವಾದ ಮಾಡುವುದಿಲ್ಲ. "ಅಕ್ಕಾ, ಇದರ ಕೆಳಗೆ ನಿಮ್ಮ ಮಕ್ಕಳೇ ಆಡುವುದಲ್ಲವಾ?" ಎಂದು ಮಾತ್ರ ಕೇಳುತ್ತಾನೆ. ಪಟ್ಟಿ ಬೀಳುತ್ತದೆ.

ಪೆಟ್ಟಿಗೆಯ ಹಿಂದೆ ಕನಿಷ್ಠ ಅರ್ಧ ಅಡಿ ಜಾಗ ಬೇಕು, ಮುಂದೆ ಎರಡು ಮೂರು ಅಡಿ ತೆರೆದಿರಬೇಕು. ಸರಿಯಾದ ಅಳತೆ ಎಸಿ ಜೊತೆ ಬರುವ ಪುಸ್ತಕದಲ್ಲೇ ಇರುತ್ತದೆ, ಓದುವವರು ಬೇಕಷ್ಟೆ. ಜಾಗ ಕೊಡದೆ ಮೂಲೆಗೆ ತುರುಕಿದರೆ ತಾನು ಬಿಟ್ಟ ಬಿಸಿ ಗಾಳಿಯನ್ನೇ ತಾನು ಮತ್ತೆ ಎಳೆದುಕೊಳ್ಳುತ್ತದೆ. ಐದು ಸ್ಟಾರಿನ ಹಣ ಕೊಟ್ಟವರಿಗೆ ಐದು ಸ್ಟಾರಿನ ಉಳಿತಾಯ ಸಿಗುವುದಿಲ್ಲ.

ಎದುರು ಮನೆಯವರ ಕಿಟಕಿಯನ್ನೂ ನೋಡಬೇಕು. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಹೊರಗೆ ಚೆಲ್ಲುವ ಬಿಸಿ ಆರೂವರೆ ಸಾವಿರ ವ್ಯಾಟಿನಷ್ಟು. ಎರಡು ಸಾವಿರ ವ್ಯಾಟಿನ ಮೂರು ಗೀಸರುಗಳನ್ನು ನೆರೆಯವರ ಕಿಟಕಿಯ ಮುಂದೆ ಉರಿಸಿಟ್ಟಂತೆ! ನೆರೆಯವರ ಹಕ್ಕಿನ ಬಗ್ಗೆ ಗಂಟೆಗಟ್ಟಲೆ ಪ್ರವಚನ ಕೇಳಿ ಬಂದವರ ಮನೆಯಲ್ಲೂ ಪೆಟ್ಟಿಗೆಯ ಮುಖ ನೆರೆಯವರ ಅಡುಗೆ ಕೋಣೆಯತ್ತಲೇ ಇರುವುದನ್ನು ಕಂಡಿದ್ದೇನೆ. ಒಳಗಿನಿಂದ ಬರುವ ನೀರಿನ ಪೈಪೂ ಹಾಗೆಯೇ. ನಮ್ಮ ತೇವದ ಹವೆಯಲ್ಲಿ ಒಂದು ರಾತ್ರಿಗೆ ಬಕೆಟ್ ತುಂಬುವಷ್ಟು ನೀರು ಇಳಿಯುತ್ತದೆ. ಅದು ಪಕ್ಕದವರ ಕಾಂಪೌಂಡಿಗೆ ತೊಟ್ಟಿಕ್ಕದಿರಲಿ. ಗಿಡಗಳಿಗೆ ಹಾಕಿದರೆ ಯಾವ ತೊಂದರೆಯೂ ಇಲ್ಲ.

ಮೆಕ್ಯಾನಿಕ್ ಬರುವ ಹೊತ್ತಿಗೆ ಮನೆಯಲ್ಲಿ ಸಾಮಾನ್ಯವಾಗಿ ಹೆಂಗಸರೇ ಇರುತ್ತಾರೆ. ಆದ್ದರಿಂದ ಎರಡು ವಿಷಯ ಅವರಿಗೆ ತಿಳಿದಿರಬೇಕು. ಒಂದು, ವ್ಯಾಕ್ಯೂಮ್. ಹೊಸದಾಗಿ ತಾಮ್ರದ ಪೈಪ್ ಜೋಡಿಸಿದಾಗ ಅದರೊಳಗೆ ಗಾಳಿಯೂ ತೇವವೂ ಇರುತ್ತದೆ. ಒಂದು ಸಣ್ಣ ಪಂಪ್ ಇಟ್ಟು ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಓಡಿಸಿ ಅದನ್ನು ಪೂರ್ತಿ ಹೀರಿ ತೆಗೆಯಬೇಕು. ಅವಸರದವರು ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿಯನ್ನು 'ಓಡಿಸಿ' ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ. ಒಳಗುಳಿದ ತೇವ ಎಣ್ಣೆಯನ್ನು ಕೆಡಿಸುತ್ತದೆ, ಎಣ್ಣೆ ಕೆಟ್ಟರೆ ಕಂಪ್ರೆಸರ್ ಹಾಳಾಗುತ್ತದೆ. ಅಷ್ಟರಲ್ಲಿ ಗ್ಯಾರಂಟಿಯೂ ಮುಗಿದಿರುತ್ತದೆ. ಪಂಪಿನ ಸದ್ದು ಕೇಳದಿದ್ದರೆ ಕೇಳಿಯೇ ಬಿಡಿ.

ಇನ್ನೊಂದು, ಗ್ಯಾಸ್. ಅದು ಬೈಕಿನ ಪೆಟ್ರೋಲಿನ ಹಾಗೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರುವ ಜಾಗವನ್ನು ಸಾಬೂನಿನ ನೊರೆ ಹಚ್ಚಿ ಹುಡುಕದೆ ಪ್ರತಿ ವರ್ಷ 'ಗ್ಯಾಸ್ ಫಿಲ್ಲಿಂಗ್' ಎಂದು ಬಿಲ್ ಕೊಡುವವನು ಒಳ್ಳೆಯ ಕೆಲಸಗಾರನಲ್ಲ. ಹಳೆಯ ಯಂತ್ರಗಳಲ್ಲಿದ್ದ ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವಂಥದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಹಂತ ಹಂತವಾಗಿ ಕೈಬಿಡಲಾಗುತ್ತಿದೆ. ಈಗಿನ ಹೆಚ್ಚಿನ ಮನೆ ಎಸಿಗಳಲ್ಲಿ ಆರ್-32 ಇದೆ. ಅದು ಓಝೋನಿಗೆ ಹಾನಿ ಮಾಡುವುದಿಲ್ಲ, ಆದರೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣ ಅದಕ್ಕಿದೆ. ಗ್ಯಾಸ್ ತುಂಬಿದ ಪೈಪಿಗೆ ಬೆಸುಗೆಯ ಬೆಂಕಿ ತೋರಿಸುವ ಅರೆಬರೆ ಕಲಿತವರನ್ನು ದೂರವಿಡುವುದು ಕ್ಷೇಮ.

ಸರ್ವಿಸ್ ಎಂದರೆ ಒಳಗಿನ ಜಾಲರಿ ತೊಳೆಯುವುದು ಎಂದೇ ಹಲವರ ತಿಳುವಳಿಕೆ. ಅದನ್ನು ಹದಿನೈದು ದಿನಕ್ಕೊಮ್ಮೆ ಮನೆಯವರೇ ಮಾಡಬಹುದು. ಮುಖ್ಯವಾದದ್ದು ಹೊರಗಿನ ಕಾಯಿಲ್. ಸಮುದ್ರದ ಉಪ್ಪುಗಾಳಿ ತಾಮ್ರದ ಕೊಳವೆಗೂ ಅದರ ಮೇಲಿನ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಕುಳಿತು ತಿನ್ನುತ್ತದೆ. ಕಡಲ ಬದಿಯ ಮನೆಗಳಲ್ಲಿ ಕೆಲವೇ ವರ್ಷಗಳಲ್ಲಿ ಆ ರೆಕ್ಕೆಗಳು ಹಪ್ಪಳದ ಹಾಗೆ ಪುಡಿಯಾಗುವುದನ್ನು ನೋಡಿದ್ದೇನೆ. ಅಂಥಲ್ಲಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯುತ್ತಿರಬೇಕು. ಕಾರು ತೊಳೆಯುವ ಪಂಪನ್ನು ಹತ್ತಿರದಿಂದ ಹೊಡೆದರೆ ರೆಕ್ಕೆಗಳೇ ಮಡಚಿಕೊಳ್ಳುತ್ತವೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಸುತ್ತುವವರಿದ್ದಾರೆ. ಮಳೆಯಲ್ಲಿ ನಿಲ್ಲಲೆಂದೇ ಮಾಡಿದ ಪೆಟ್ಟಿಗೆಗೆ ರೈನ್‌ಕೋಟ್ ಯಾಕೆ? ಒಳಗೆ ತೇವ ಕಟ್ಟಿ ತುಕ್ಕು ಹಿಡಿಯುತ್ತದೆ, ಇಲಿ ಸಂಸಾರ ಹೂಡುತ್ತದೆ. ಹಲ್ಲಿಯೊಂದು ತಂತಿ ಜೋಡಿಸುವ ಜಾಗದಲ್ಲಿ ಸತ್ತುಬಿದ್ದು ಯಂತ್ರವನ್ನೇ ನಿಲ್ಲಿಸಿದ್ದೂ ಉಂಟು.

ಮುಚ್ಚಳ ತೆಗೆಯುವ ಕೆಲಸ ಮಾತ್ರ ಮನೆಯ ಹುಡುಗರಿಗೆ ಬೇಡ. ಸ್ವಿಚ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಳಿಯ ಎಂಸಿಬಿ ಇಳಿಸಿ, ಕೆಲವು ನಿಮಿಷ ಕಾದು, ಮೀಟರಿನಿಂದ ಪರೀಕ್ಷಿಸಿಯೇ ಕೈ ಹಾಕುತ್ತಾನೆ.

ಕೆಪಾಸಿಟರಿನ ಷಾಕಿಗಿಂತ ನನ್ನ ಅಕ್ಕನನ್ನು ಕಾಡುವುದು ಎತ್ತರದ ಭಯ. 2023ರ ಏಪ್ರಿಲಿನಲ್ಲಿ ಅಳಿಯನ ಜೊತೆಗಾರ ಹುಡುಗನೊಬ್ಬ ಎರಡನೇ ಮಹಡಿಯ ಸನ್‌ಶೇಡಿನಿಂದ ಬಿದ್ದ. ಕಿಟಕಿಯ ಮೇಲಿನ ಆ ಸಿಮೆಂಟಿನ ಹಲಗೆ ಇರುವುದು ಮಳೆ ತಡೆಯಲು, ಮನುಷ್ಯನನ್ನು ಹೊರಲು ಅಲ್ಲ. ಮನೆ ಹಳೆಯದು, ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. ಸೊಂಟದ ಎಲುಬು ಮುರಿದು ಅವನು ಏಳು ತಿಂಗಳು ಮಲಗಿದ. ಈಗ ಮೊಬೈಲ್ ಅಂಗಡಿಯೊಂದರಲ್ಲಿ ಕುಳಿತು ಕೆಲಸ ಮಾಡುತ್ತಾನೆ, ಏಣಿ ಹತ್ತುವಂತಿಲ್ಲ. ಮನೆಯವರು ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಬಂದಿದ್ದರು. ಕೆಟ್ಟವರಲ್ಲ. ಆದರೆ ಪೆಟ್ಟಿಗೆಯನ್ನು ಅದೇ ಸನ್‌ಶೇಡಿನ ಪಕ್ಕ ಮತ್ತೆ ಹಾಕಿಸಲು ಬೇರೊಬ್ಬನನ್ನು ಕರೆದರು. ಟೆರೇಸಿಗೆ ಒಯ್ಯಲು ಹತ್ತು ಹದಿನೈದು ಅಡಿ ಪೈಪ್ ಹೆಚ್ಚು ಬೇಕಾಗುತ್ತದೆ ಎಂಬುದೇ ಕಾರಣ!

ಅಂದಿನಿಂದ ಅಕ್ಕ ಮಗನಿಗೆ ಮಧ್ಯಾಹ್ನ ಒಮ್ಮೆ ಫೋನ್ ಮಾಡದೆ ಊಟಕ್ಕೆ ಕೂರುವುದಿಲ್ಲ. ಅವನು ಈಗ ಸೊಂಟಕ್ಕೆ ಮಾತ್ರವಲ್ಲ, ಹೆಗಲಿಗೂ ತೊಡೆಗೂ ಬರುವ ಪೂರ್ತಿ ಬೆಲ್ಟ್ ಹಾಕಿ, ಹಗ್ಗವನ್ನು ಗಟ್ಟಿಯಾದ ಕಾಂಕ್ರೀಟ್ ಕಂಬಕ್ಕೆ ಕಟ್ಟಿಯೇ ಇಳಿಯುತ್ತಾನೆ. ಇದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. "ಬೇರೆಯವರು ಬೆಲ್ಟ್ ಇಲ್ಲದೆ ಬೇಗ ಮಾಡ್ತಾರೆ" ಎಂದು ಗೊಣಗಿದ ಮನೆಗಳಿವೆ. ದಮ್ಮಾಮಿನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಸರಕಾರಿ ನಿಯಮವಿದೆ. ಇಲ್ಲಿ ಏಪ್ರಿಲಿನ ನಡುಮಧ್ಯಾಹ್ನವೇ ಎಲ್ಲರಿಗೂ ಎಸಿ ಕೆಡುತ್ತದೆ, ಎಲ್ಲರಿಗೂ ಈಗಲೇ ಬರಬೇಕು. ಫೆಬ್ರವರಿಯ ತಂಪು ಬೆಳಗ್ಗೆ ಕರೆದರೆ ಅವನು ನಿಧಾನವಾಗಿ, ಒಪ್ಪವಾಗಿ ಕೆಲಸ ಮಾಡಿ ಹೋಗುತ್ತಾನೆ.

ಮನೆ ಕಟ್ಟಿಸುತ್ತಿರುವವರಿಗೆ ಇದು ಇನ್ನೂ ಸುಲಭ. ನಮ್ಮ ನೆರೆಯ ಹಾಜಿಯವರು ಮೇಲ್ಮಹಡಿ ಕಟ್ಟಿಸುವಾಗ ಎರಡು ಕೋಣೆಗೆ ಎಸಿ ಪಾಯಿಂಟ್ ಇಡಿಸಿದ್ದರು, ಪೆಟ್ಟಿಗೆಗೆ ಮಾತ್ರ ಜಾಗ ಇರಲಿಲ್ಲ. ಅಳಿಯ ಹೋಗಿ ನೋಡಿ, ಮೆಟ್ಟಿಲಿನ ಕಿಟಕಿಯ ಹೊರಗೆ ಐದಡಿ ಉದ್ದ, ಮೂರಡಿ ಅಗಲದ ಚೌಕ ಗೀಚಿದ. ಒಬ್ಬ ಮನುಷ್ಯ ಕಿಟಕಿಯಿಂದ ದಾಟಿ ಎರಡೂ ಕಾಲೂರಿ ನಿಲ್ಲುವಷ್ಟು ಸ್ಲ್ಯಾಬ್, ಸುತ್ತ ಸೊಂಟದೆತ್ತರದ ಕಂಬಿ. ಮೇಸ್ತ್ರಿ ಖರ್ಚಿನ ಲೆಕ್ಕ ಹೇಳಿದ. ಹಾಜಿಯವರು ಸ್ವಲ್ಪ ಹೊತ್ತು ಗಡ್ಡ ಸವರಿ, "ಮಲಗುವ ಕೋಣೆಯ ಮಾರ್ಬಲ್ ಬೇಡ, ಟೈಲ್ಸೇ ಸಾಕು. ಇದನ್ನು ಹಾಕು" ಎಂದರು. ಕಳೆದ ವಾರ ಕಾಂಕ್ರೀಟ್ ಆಯಿತು. ಈಗ ದಿನಕ್ಕೆ ಎರಡು ಸಲ ಅವರೇ ಮೆಟ್ಟಿಲು ಹತ್ತಿ ಅದಕ್ಕೆ ನೀರು ಹೊಯ್ಯುತ್ತಿದ್ದಾರೆ.