ಕಬ್ಬಿನ ದ್ವೀಪದಲ್ಲಿ ಒಂದು ದಿನ

ಮಾರಿಷಸ್ ಎಂದರೆ ಹೊಸದಾಗಿ ಮದುವೆಯಾದವರು ಹೋಗುವ ಊರು ಅಂತಲೇ ನಮ್ಮಲ್ಲಿ ಅನೇಕರ ಎಣಿಕೆ. ಮಕ್ಕಳು ದೊಡ್ಡವರಾದ ಮೇಲೆ ನಾವು ನಾಲ್ವರು ಗೆಳತಿಯರು ಹೊರಟಾಗ ಮನೆಯವರೆಲ್ಲ ನಕ್ಕಿದ್ದೂ ಅದಕ್ಕೇ. ಆದರೆ ಸೋದರಿಯರೇ, ಅಡಿಗೆಮನೆಯಲ್ಲಿ ಕೈ ಪಳಗಿದ ಹೆಂಗಸರು ನೋಡಲೇಬೇಕಾದ ಊರು ಅದು. ಯಾಕೆ ಅಂತೀರಾ? ಬನ್ನಿ, ಹೇಳುತ್ತೇನೆ.

ದ್ವೀಪದ ಉದ್ದ ಸುಮಾರು 65 ಕಿಲೋಮೀಟರ್, ಅಗಲ 45. ಒಂದು ದಿನದ ಮಟ್ಟಿಗೆ ವ್ಯಾನ್ ಗೊತ್ತು ಮಾಡಿಕೊಂಡರೆ ಅರ್ಧ ದ್ವೀಪವನ್ನು ನಿಧಾನವಾಗಿ ಸುತ್ತಬಹುದು. ವಾಹನಗಳು ನಮ್ಮಲ್ಲಿಯ ಹಾಗೆ ಎಡಗಡೆಗೇ ಓಡುತ್ತವೆ. ನಮ್ಮ ಡ್ರೈವರಣ್ಣನಿಗೆ ಹಿಂದಿ ಬರುತ್ತಿತ್ತು. ನಮ್ಮ ಹರಕು ಮುರುಕು ಹಿಂದಿ ಅವನ ಹತ್ತಿರ ಸಲೀಸಾಗಿ ನಡೆಯಿತು.

ಬೆಳಿಗ್ಗೆ ರಾಜಧಾನಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ಗೆ ಹೋದೆವು. ಇಲ್ಲಿ ಗುಲಾಮಗಿರಿ ರದ್ದಾದದ್ದು 1835ರಲ್ಲಿ. ಕಬ್ಬಿನ ತೋಟಗಳಿಗೆ ಆಳು ಬೇಕಲ್ಲ! 1834ರಿಂದಲೇ ಭಾರತದಿಂದ ಕರಾರಿನ ಕೂಲಿಗಳನ್ನು ಹಡಗಿನಲ್ಲಿ ತರತೊಡಗಿದರು. ಹತ್ತಿರ ಹತ್ತಿರ ಐದು ಲಕ್ಷ ಜನ ಬಂದರಂತೆ. ಹಡಗಿಳಿದವರು ಹತ್ತಿದ ಹದಿನಾರು ಕಲ್ಲಿನ ಮೆಟ್ಟಿಲುಗಳು ಇನ್ನೂ ಇವೆ. ನಾವು ಮಾತಿಲ್ಲದೆ ನಿಂತು ನೋಡಿದೆವು. ಕಂಕುಳಲ್ಲಿ ಕೂಸು, ಕೈಯಲ್ಲೊಂದು ಗಂಟು ಹಿಡಿದು ಇದನ್ನು ಹತ್ತಿದವಳ ಎದೆ ಹೇಗೆ ಹೊಡೆದುಕೊಂಡಿರಬೇಡ!

“ನಮ್ಮ ಮುತ್ತಜ್ಜಿಯ ನಂಬರು ದಾಖಲೆಯಲ್ಲಿ ಸಿಕ್ಕಿತು ದೀದಿ, ಹಡಗಿನ ಹೆಸರೂ ಸಿಕ್ಕಿತು. ಊರು ಯಾವುದು ಅಂತ ಮಾತ್ರ ಇವತ್ತಿಗೂ ತಿಳಿದಿಲ್ಲ” ಎಂದ ಡ್ರೈವರಣ್ಣ.

ದಾರಿಬದಿಯ ಅಂಗಡಿಯೊಂದರಲ್ಲಿ ತಿಂಡಿಗೆ ನಿಲ್ಲಿಸಿದ. ‘ದಾಲ್ ಪುರಿ’ ಅಂತ ತೆಳ್ಳಗಿನ, ಹಳದಿ ಬಣ್ಣದ್ದೇನೋ ಬಂತು. ಬಾಯಿಗಿಟ್ಟ ಗೆಳತಿ, “ಅಯ್ಯೋ, ಇದು ನಮ್ಮ ಬೇಳೆ ಹೋಳಿಗೆ ಕಣೇ, ಬೆಲ್ಲ ಹಾಕೋದು ಬಿಟ್ಟಿದ್ದಾರೆ ಅಷ್ಟೇ!” ಅಂದಳು. ನಿಜ. ಬೇಳೆಯನ್ನು ಉದುರುದುರಾಗಿ ಬೇಯಿಸಿ, ನೀರು ಬಸಿದು, ಒಣಗಲು ಪುಡಿ ಮಾಡಿ, ಉಪ್ಪು, ಅರಿಶಿನ, ಹುರಿದ ಜೀರಿಗೆಪುಡಿ ಬೆರೆಸಿದರೆ ಹೂರಣ ಸಿದ್ಧ. ಬಸಿದ ಕಟ್ಟಿನಲ್ಲೇ ಮೈದಾ ಕಲಸಿ ಕಣಕ ಮಾಡಿಕೊಂಡು, ಹೂರಣ ತುಂಬಿ, ಲಟ್ಟಿಸಿ, ಎಣ್ಣೆ ಸವರಿ ಬೇಯಿಸುವುದು. ಒಳಗೆ ಅವರೆಯಂಥ ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಚಟ್ನಿ ಹಾಕಿ ಎರಡೆರಡು ಸುತ್ತಿ ಕೊಡುತ್ತಾರೆ. ಕಡಲೆಬೇಳೆಯಲ್ಲಿ ನೀವೂ ಮಾಡಿ ನೋಡಿ.

ಅಲ್ಲಿಂದ ಗುಡ್ಡ ಹತ್ತಿ ಗಂಗಾ ತಲಾವ್. ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಆದ ಕೆರೆ ಇದು. 1972ರಲ್ಲಿ ಗಂಗಾಜಲ ತಂದು ಇದರಲ್ಲಿ ಬೆರೆಸಿದರು. ಶಿವರಾತ್ರಿಗೆ ಜನ ಊರೂರಿನಿಂದ ಕಾವಡಿ ಹೊತ್ತು ನಡೆದೇ ಬರುತ್ತಾರೆ. 108 ಅಡಿಯ ಶಿವನ ಮೂರ್ತಿಯನ್ನು ಕತ್ತೆತ್ತಿ ನೋಡಬೇಕು.

ಮುಂದೆ ಕಾಡುದಾರಿಯಲ್ಲಿ ಇಳಿದರೆ ಶಮರೆಲ್. ಕೆಂಪು, ಕಂದು, ನೇರಳೆ ಅಂತ ಏಳು ಬಣ್ಣದ ಮಣ್ಣು ರಂಗೋಲಿ ಪುಡಿ ರಾಶಿ ಹಾಕಿದಂತಿದೆ. ಅದರಾಚೆ ಸಮುದ್ರದ ಅಂಚಿನಲ್ಲಿ ಲೆ ಮೋರ್ನ್ ಬೆಟ್ಟ. ಒಡೆಯರಿಂದ ತಪ್ಪಿಸಿಕೊಂಡ ಗುಲಾಮರು ಅಡಗುತ್ತಿದ್ದ ಜಾಗ ಅದು. ಅಷ್ಟು ಚೆಂದದ ನೀಲಿ ನೀರಿನ ಪಕ್ಕದಲ್ಲಿ ಅಷ್ಟು ದುಃಖ!

ಪಡುವಣ ಕಡಲ ದಾರಿ ಹಿಡಿದು ಹಿಂತಿರುಗುವಾಗ ಸೂರ್ಯ ಮುಳುಗುತ್ತಿದ್ದ. ಡ್ರೈವರಣ್ಣ ಮಗಳ ಮದುವೆಯ ಮಾತು ತೆಗೆದ. ಮದುವೆಗೆ ಮುಂಚೆ ಮನೆಯಲ್ಲಿ ಹೆಂಗಸರು ಸೇರಿ ಭೋಜಪುರಿ ಹಾಡು ಹೇಳುವುದಕ್ಕೆ ‘ಗೀತ್ ಗವಾಯಿ’ ಅನ್ನುತ್ತಾರೆ. ಲೋಟ, ತಟ್ಟೆ, ಚಮಚಗಳೇ ವಾದ್ಯ. 2016ರಲ್ಲಿ ಯುನೆಸ್ಕೋ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಸುಮ್ಮನಿರುತ್ತೇವೆಯೇ? ವ್ಯಾನಿನಲ್ಲೇ ಸೋಬಾನೆ ಶುರುವಾಯಿತು. ಅವನು ಸ್ಟಿಯರಿಂಗಿನ ಮೇಲೆ ತಾಳ ಹಾಕಿದ.

ಹೋಗುವವರಿಗೆ ಎರಡು ಮಾತು: ಗುಡ್ಡದ ಮೇಲೆ ಚಳಿ, ಮಳೆ ಎರಡೂ ಉಂಟು, ಕೊಡೆ, ಶಾಲು ಇರಲಿ. ಸಸ್ಯಾಹಾರಿಗಳು ಮೊದಲೇ ಕೇಳಿಕೊಂಡು ತಿನ್ನಿ.

ಊರಿನ ಹೆಸರು ಕಾಗದದಲ್ಲಿ ಉಳಿಯದೇ ಹೋಗಬಹುದು, ಆದರೆ ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬಂದ ಹೂರಣದ ಹದ ಉಳಿದಿದೆ. ನಿಮ್ಮ ಮಗಳು ಅಡಿಗೆಮನೆಗೆ ಬಂದಾಗ “ನೀನು ಹೋಗಿ ಓದಿಕೋ” ಎಂದು ಯಾವಾಗಲೂ ಕಳಿಸಬೇಡಿ. ಮಗನನ್ನೂ ಕರೆಯಿರಿ. ಕಣಕದ ಹದ ಒಮ್ಮೆ ಅವರ ಕೈಗೂ ತಾಗಲಿ.