ದಾಖಲೆ ಕೊಠಡಿಯಿಂದ ಒಂದು ಬಿನ್ನಹ

ನಮ್ಮ ಶಾಲೆಯ ಸಂಚಿಕೆಗೆ ನಾಲ್ಕು ಮಾತು ಬರೆದು ಕಳುಹಿಸಬೇಕೆಂದು ಅಪ್ಪಣೆ ಬಂದಾಗ ನಮಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಉಂಟಾದವು. ನಾವು ಮೂವರು ಹಳೆಯ ವಿದ್ಯಾರ್ಥಿನಿಯರು. ಒಬ್ಬರು ತುಮಕೂರಿನವರು, ಒಬ್ಬರು ಗುಬ್ಬಿಯವರು, ಮತ್ತೊಬ್ಬರು ಕುಣಿಗಲಿನವರು. ಬೆಂಗಳೂರಿನ ಒಂದು ಆಸ್ಪತ್ರೆಯ ದಾಖಲೆ ಕೊಠಡಿಯಲ್ಲಿ ಬಹುಕಾಲದಿಂದ ಜೊತೆಯಾಗಿ ಕೆಲಸ ಮಾಡುತ್ತಿದ್ದೇವೆ. ನಮ್ಮ ಸಹಪಾಠಿಗಳಲ್ಲಿ ವೈದ್ಯರಾದವರೂ ದಾದಿಯರಾದವರೂ ಉಂಟು. ನಾವಾದರೋ ರೋಗಿಯ ಕೈ ಹಿಡಿದು ನಾಡಿ ನೋಡಿದವರಲ್ಲ. ಕಾಗದವನ್ನು ಮಾತ್ರ ಮುಟ್ಟುವವರು. ಆದಾಗ್ಯೂ ಕಾಗದದ ಒಂದು ಸಾಲಿನಿಂದ ಏನಾಗಬಲ್ಲದೆಂಬುದನ್ನು ಕಂಡಿದ್ದೇವೆ. ಅದನ್ನೇ ಇಲ್ಲಿ ಅರಿಕೆ ಮಾಡುತ್ತೇವೆ.

ವೈದ್ಯರು ಬರೆದ ರೋಗದ ಹೆಸರನ್ನು ಅಕ್ಷರವೂ ಅಂಕೆಯೂ ಕೂಡಿದ ಸಂಕೇತಕ್ಕೆ ತಿರುಗಿಸುವುದು ನಮ್ಮ ಕೆಲಸ. ಒಂದೇ ರೋಗಕ್ಕೆ ದೇಶಕ್ಕೊಂದು ಹೆಸರಿದ್ದರೆ ಲೆಕ್ಕ ಕೂಡುವುದಿಲ್ಲವೆಂದು 1893ರಲ್ಲಿ ಮರಣಕಾರಣಗಳ ಅಂತರರಾಷ್ಟ್ರೀಯ ಪಟ್ಟಿಯೊಂದು ಅಂಗೀಕೃತವಾಯಿತು. 1948ರಲ್ಲಿ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಸೇರಿ, ರೋಗಗಳೆಲ್ಲವನ್ನೂ ಒಳಗೊಂಡ ಪಟ್ಟಿಯಾಗಿ ಬೆಳೆಯಿತು. ಅದರ 10ನೆಯ ಪರಿಷ್ಕರಣವೇ ನಮ್ಮ ಮೇಜಿನ ಮೇಲಿರುವ ಗ್ರಂಥ. ಹುಟ್ಟಿನಿಂದಲೇ ಬಂದ ದೋಷಗಳಿಗೆ ಅದರಲ್ಲಿ 'ಕ್ಯೂ' ಎಂಬ ಅಕ್ಷರ ಮೀಸಲು.

ನಮ್ಮ ಹಳ್ಳಿಗಳಲ್ಲಿ ಮಕ್ಕಳ ಹೃದಯದ ಕಾಯಿಲೆಗಳಿಗೆಲ್ಲ 'ತೂತು' ಎಂಬುದೊಂದೇ ಹೆಸರು. ನಾವು ಹೇಳಹೊರಟ ದೋಷವು ತೂತಲ್ಲ. ಹೃದಯದಿಂದ ಹೊರಟ ಮಹಾಪಧಮನಿಯು ಮೇಲಕ್ಕೇರಿ, ಕಮಾನಿನಂತೆ ಬಾಗಿ, ತಲೆಗೂ ತೋಳುಗಳಿಗೂ ಕವಲುಗಳನ್ನು ಕೊಟ್ಟು ಕೆಳಗಿಳಿಯುತ್ತದೆ. ಕೆಲವು ಮಕ್ಕಳಲ್ಲಿ ಆ ಬಾಗು ಮುಗಿಯುವ ಎಡೆಯಲ್ಲಿ ನಾಳವು ಹುಟ್ಟಿನಿಂದಲೇ ಕಿರಿದಾಗಿರುತ್ತದೆ. ಇದಕ್ಕೆ ಕೋಆರ್ಕ್ಟೇಷನ್ ಎಂದು ಹೆಸರು. ಕುಣಿಗಲಿನ ಕೆರೆಯ ಕೆಳಗೆ ಗದ್ದೆಯುಳ್ಳವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಾಲುವೆ ನಡುವೆ ಹೂತುಹೋದರೆ ಮೇಲಿನ ಗದ್ದೆಗೆ ನೀರು ಉಕ್ಕುತ್ತದೆ, ಕೊನೆಯ ಗದ್ದೆ ಒಣಗುತ್ತದೆ. ಹಾಗೆಯೇ ತೋಳಿನಲ್ಲಿ ರಕ್ತದೊತ್ತಡ ಹೆಚ್ಚು, ತೊಡೆಸಂದಿನಲ್ಲಿ ನಾಡಿ ಕ್ಷೀಣ. ಸ್ವೀಡನ್ ದೇಶದ ಕ್ರಾಫೂರ್ಡ್ ಎಂಬ ಶಸ್ತ್ರವೈದ್ಯರು 1944ರಲ್ಲಿ ಆ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನು ಹೊಲಿದು ಕೂಡಿಸಿದರು. ಅಂದಿನಿಂದ ಈ ದೋಷಕ್ಕೆ ಚಿಕಿತ್ಸೆ ಉಂಟು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಗುಬ್ಬಿಯ ಕಡೆಯ ಕೂಲಿಕಾರರೊಬ್ಬರ ಮಗಳಿಗೆ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಈ ದೋಷ ಪತ್ತೆಯಾಯಿತು. ನಮಗೆ ಬಂದ ಚೀಟಿಯಲ್ಲಿ 'ಮಹಾಪಧಮನಿ ಕಿರಿದಾಗಿದೆ' ಎಂದಷ್ಟೇ ಇತ್ತು, ಎಲ್ಲಿ ಎಂಬುದಿರಲಿಲ್ಲ. ಕೇಳಬೇಕಾಗಿದ್ದ ನಾವು ಕೇಳದೆ ಕ್ಯೂ 25.3 ಎಂದು ಬರೆದೆವು. ಅದು ಹೃದಯದ ಕವಾಟದ ಮೇಲುಗಡೆಯಲ್ಲಿ ಉಂಟಾಗುವ ಬೇರೊಂದು ಸಂಕೋಚದ ಸಂಕೇತ. ಕೋಆರ್ಕ್ಟೇಷನ್ನಿನದು ಕ್ಯೂ 25.1. ರೋಗಕ್ಕೂ ಕೋರಿದ ಶಸ್ತ್ರಚಿಕಿತ್ಸೆಗೂ ಹೊಂದಿಕೆಯಿಲ್ಲವೆಂದು ಮಂಜೂರಾತಿಯ ಕಾಗದ ಹಿಂದಿರುಗಿತು. ಆ ತಂದೆ ಕೂಲಿ ಬಿಟ್ಟು ಎರಡು ಸಲ ಗುಬ್ಬಿಗೂ ಬೆಂಗಳೂರಿಗೂ ಅಲೆದರು. ಎರಡನೆಯ ಸಲ ನಮ್ಮ ಬಾಗಿಲಲ್ಲಿ ನಿಂತು, "ಅಮ್ಮಾವ್ರೇ, ನಾನೇನಾರ ತಪ್ಪು ಹೇಳಿಬಿಟ್ನಾ?" ಎಂದು ಕೇಳಿದರು. ನಮಗೆ ತಲೆಯೆತ್ತಲಾಗಲಿಲ್ಲ. ಸಂಕೇತವನ್ನು ತಿದ್ದಿದೆವು, ಚಿಕಿತ್ಸೆ ನಡೆದು ಮಗು ಗುಣಮುಖವಾಗಿ ಊರಿಗೆ ಹೋಯಿತು. ಅಂದಿನಿಂದ ಅಸ್ಪಷ್ಟವಾದ ಚೀಟಿ ಬಂದರೆ ವೈದ್ಯರ ಬಳಿಗೆ ಹೋಗಿ ಕೇಳದೆ ಒಂದಕ್ಷರವನ್ನೂ ಬರೆಯುವುದಿಲ್ಲ.

ಕೆಲವು ಕಾಲದ ಮೇಲೆ ಕುಣಿಗಲಿನ ಕಡೆಯಿಂದ ಒಬ್ಬ ಗರ್ಭಿಣಿ ಬಂದರು. ಬೆನ್ನಿನ ಎಡಭಾಗದಲ್ಲಿ ಹಳೆಯ ಹೊಲಿಗೆಯ ಗುರುತಿತ್ತು. "ಎಳೆಗೂಸಾಗಿದ್ದಾಗ ಹೃದಯದ ತೂತು ಮುಚ್ಚಿದ್ರಂತೆ" ಎಂದರು ಅತ್ತೆ. ಕಾಗದಗಳು ತವರಿನ ಮನೆ ಸೋರಿ ಹಾಳಾಗಿದ್ದವು. ಹೆಸರಿನಿಂದ ಹುಡುಕೋಣವೆಂದರೆ, ಆಗ ನಾಮಕರಣವೇ ಆಗಿರದ ಕೂಸು. ಕಡತದಲ್ಲಿ 'ಇಂಥವರ ಮಗು' ಎಂದಿರಬೇಕಷ್ಟೆ. ಕಡೆಗೆ ಆ ವರ್ಷದ ರೋಗಸೂಚಿಯಲ್ಲಿ ಕ್ಯೂ 25.1ರ ಕೆಳಗೆ ನೋಡಿದೆವು. ತಾಯಿಯ ಹೆಸರೂ ಊರೂ ಸಿಕ್ಕಿದವು. ಎಡತೋಳಿಗೆ ಹೋಗುವ ನಾಳವನ್ನೇ ತೇಪೆಯಾಗಿ ಬಳಸಿ ಕಮಾನನ್ನು ಅಗಲ ಮಾಡಿದುದಾಗಿ ಅದರಲ್ಲಿ ಬರೆದಿತ್ತು. ಅಂತಹವರ ಎಡತೋಳಿನಲ್ಲಿ ರಕ್ತದೊತ್ತಡ ಇರುವುದಕ್ಕಿಂತ ಕಡಿಮೆಯಾಗಿ ಕಾಣುವುದರಿಂದ ಬಲತೋಳಿನಲ್ಲಿಯೇ ಅಳೆಯತಕ್ಕದ್ದು. ಅಳೆದಾಗ ಒತ್ತಡ ಹೆಚ್ಚಿತ್ತು. ವೈದ್ಯರು ಕೂಡಲೇ ಔಷಧ ಕೊಟ್ಟು, ಹೆರಿಗೆಯವರೆಗೂ ಎಚ್ಚರದಿಂದ ನೋಡಿಕೊಂಡರು. ತಾಯಿಯೂ ಮಗುವೂ ಕ್ಷೇಮವಾಗಿದ್ದಾರೆ. ಆ ಸಾಲನ್ನು ಬರೆದ ಗುಮಾಸ್ತರು ಯಾರೋ, ಅವರ ಹೆಸರು ಹಾಳೆಯಲ್ಲಿಲ್ಲ. ಆ ದಿನ ನಮಗೆ ಗುಬ್ಬಿಯ ಹುಡುಗಿಯ ನೆನಪಾಯಿತು. ನಮ್ಮ ತಪ್ಪು ಹಾಗೆಯೇ ಉಳಿದಿದ್ದರೆ, ಆಕೆ ದೊಡ್ಡವಳಾಗಿ ಬಂದ ದಿನ ಯಾರೂ ಆಕೆಯನ್ನು ಕಂಡುಹಿಡಿಯುತ್ತಿರಲಿಲ್ಲ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹವಿದೆ. 2002ರ ವೈದ್ಯ ನಿಯಮಾವಳಿಯಂತೆ ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟರೆ ಸಾಕು; ಕೂಸು ತಾಯಿಯಾಗುವುದಕ್ಕಾದರೋ 20 ವರ್ಷಕ್ಕೂ ಮೇಲೆ ಬೇಕು. ಈ ದೋಷವು ಸರಿಯಾದ ಮೇಲೂ ನಾಳವು ಮತ್ತೆ ಕಿರಿದಾಗಬಹುದು, ರಕ್ತದೊತ್ತಡ ಏರಬಹುದು. ಆದಕಾರಣ ಜೀವಮಾನವೆಲ್ಲ ತಪಾಸಣೆ ಬೇಕು. ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಕೊಡುವ ಡಿಸ್ಚಾರ್ಜ್ ಪತ್ರದಲ್ಲಿ ದೋಷದ ಹೆಸರೂ ಸ್ಥಳವೂ, ಚಿಕಿತ್ಸೆಯ ದಿನವೂ ವಿಧಾನವೂ, ಯಾವ ತೋಳಿನಲ್ಲಿ ಒತ್ತಡ ನೋಡಬೇಕೆಂಬುದೂ ಇವೆಯೇ ಎಂದು ಕೇಳಿ ತಿಳಿಯಿರಿ. ಅದನ್ನು ಜನನಪತ್ರದ ಜೊತೆಗೆ ಜೋಪಾನವಾಗಿಡಿ. ಮಗಳು ಮದುವೆಯಾಗಿ ಹೊರಡುವಾಗ ಒಡವೆಯ ಪೆಟ್ಟಿಗೆಯಲ್ಲಿ ಅದೂ ಇರಲಿ.

ಸೋದರಿಯರೇ, ಅಕ್ಷರ ದುಂಡಗಿಲ್ಲವೆಂದು ಉಪಾಧ್ಯಾಯಿನಿಯರು ಒಂದೇ ಸಾಲನ್ನು ಹತ್ತು ಸಲ ಬರೆಯಿಸುತ್ತಿದ್ದಾಗ ನಾವೆಲ್ಲರೂ ಗೊಣಗಿದವರೇ. ಈಗ ಗೊಣಗುವುದಿಲ್ಲ.